ಮರದಿಂದ ಬಿದ್ದವರು ಮನೆಗೆ ಬಂದ ಮೇಲೆ

ಅಡಿಕೆ ಮರದಿಂದ ಒಬ್ಬರು ಬಿದ್ದರೆ ನಮ್ಮ ಊರುಗಳಲ್ಲಿ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಹತ್ತು ನಿಮಿಷದಲ್ಲಿ ಸುದ್ದಿ ಊರಿಡೀ ಹಬ್ಬುತ್ತದೆ. ಜೀಪು ಬರುತ್ತದೆ. ಯಾರೋ ದುಡ್ಡು ಒಟ್ಟು ಮಾಡುತ್ತಾರೆ, ಹುಡುಗರು ರಕ್ತ ಕೊಡಲು ಓಡುತ್ತಾರೆ. ಈ ವಿಷಯದಲ್ಲಿ ನಮ್ಮ ಹಳ್ಳಿಗಳನ್ನು ದೂರುವ ಹಾಗೆಯೇ ಇಲ್ಲ.

ಆದರೆ ಅದೇ ಮನುಷ್ಯ ಎರಡು ಮೂರು ತಿಂಗಳು ಕಳೆದು, ಸೊಂಟದ ಕೆಳಗೆ ಸ್ವಾಧೀನ ಇಲ್ಲದೆ ಮನೆಗೆ ಬಂದು ಮಲಗಿದರೆ? ಮೊದಲ ವಾರ ಅಂಗಳದಲ್ಲಿ ಚಪ್ಪಲಿ ಇಡಲು ಜಾಗ ಇರುವುದಿಲ್ಲ. ಎರಡನೇ ತಿಂಗಳು ಹತ್ತಿರದ ನೆಂಟರು ಮಾತ್ರ. ಆರು ತಿಂಗಳಾಗುವಾಗ ಆ ಮನೆಯ ದಾರಿಯಲ್ಲಿ ಹುಲ್ಲು ಬೆಳೆದಿರುತ್ತದೆ. ನಾವು ಕೆಟ್ಟವರೆಂದಲ್ಲ. ಅಲ್ಲಿ ಹೋಗಿ ಏನು ಮಾತಾಡುವುದೆಂದು ನಮಗೆ ಗೊತ್ತಿಲ್ಲ, ಅಷ್ಟೆ.

ನನ್ನದು ಮೂರು ಎಕರೆ ಅಡಿಕೆ, ನಡುವೆ ಸ್ವಲ್ಪ ಕರಿಮೆಣಸು, ಬದುವಿನಲ್ಲಿ ತೆಂಗು. ನಮ್ಮ ಗ್ರಾಮದಲ್ಲೂ ಪಕ್ಕದ ಗ್ರಾಮದಲ್ಲೂ ಹೀಗೆ ಬಿದ್ದು ಬೆನ್ನು ಹೋದ ನಾಲ್ವರ ಮನೆಗೆ ನಾನು ವರ್ಷಗಟ್ಟಲೆಯಿಂದ ಹೋಗಿ ಬಂದು ಇದ್ದೇನೆ. ನಾಲ್ವರೂ ನಮ್ಮ ಹಾಗಿನ ಕೃಷಿಕರ ತೋಟಕ್ಕೆ ಗೊನೆ ತೆಗೆಯಲು, ಮದ್ದು ಬಿಡಲು ಬರುತ್ತಿದ್ದವರು. ಇಬ್ಬರು ಈಗ ಇಲ್ಲ. ಒಬ್ಬರು ಬೆನ್ನಿನ ಹುಣ್ಣು ನಂಜಾಗಿ ತೀರಿಕೊಂಡರು. ಇನ್ನೊಬ್ಬರಿಗೆ ಹುಣ್ಣೂ ಇರಲಿಲ್ಲ, ಜ್ವರವೂ ಇರಲಿಲ್ಲ. ಅವರು ಊಟ ಬಿಟ್ಟರು, ಮಾತು ಬಿಟ್ಟರು, ಗೋಡೆ ಕಡೆ ತಿರುಗಿ ಮಲಗಿದರು. ಉಳಿದ ಇಬ್ಬರು ಇದ್ದಾರೆ, ಒಬ್ಬರು ದುಡಿಯುತ್ತಲೂ ಇದ್ದಾರೆ. ನಾಲ್ವರಿಗೂ ಬಿದ್ದ ಪೆಟ್ಟು ಹೆಚ್ಚುಕಡಿಮೆ ಒಂದೇ. ಮನೆಗೆ ಬಂದ ನಂತರದ ಕಥೆ ಮಾತ್ರ ಬೇರೆ ಬೇರೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಬೆನ್ನುಹುರಿಗೆ ಪೆಟ್ಟಾದವರ ಬದುಕನ್ನು ತೀರ್ಮಾನಿಸುವುದು ಮರದ ಎತ್ತರ ಮಾತ್ರ ಅಲ್ಲ. ಮನೆಯಲ್ಲಿ ಸಿಗುವ ಆರೈಕೆ, ಕಿವಿಗೆ ಬೀಳುವ ಮಾತು ಮತ್ತು ಕೈಗೆ ಸಿಗುವ ಕೆಲಸ. ಈ ಮೂರರಲ್ಲೂ ನಮ್ಮ ಪಾಲು ಉಂಟು.

ಬೆನ್ನೊಳಗೆ ಏನಾಗುತ್ತದೆ?

ಬೆನ್ನುಮೂಳೆ ಬೇರೆ, ಬೆನ್ನುಹುರಿ ಬೇರೆ. ಮೂಳೆಗಳ ಸಾಲಿನ ನಡುವೆ ಒಂದು ಕೊಳವೆಯಂತಹ ದಾರಿ ಇದೆ. ಅದರೊಳಗೆ ಮೆದುಳಿನಿಂದ ಕೆಳಗಿಳಿದು ಬರುವ, ಸುಮಾರು 45 ಸೆಂಟಿಮೀಟರ್ ಉದ್ದದ, ಕಿರುಬೆರಳಿನಷ್ಟು ದಪ್ಪದ ನರಗಳ ಕಟ್ಟು ಬೆನ್ನುಹುರಿ. ಕೈಕಾಲು ಆಡಿಸುವ ಅಪ್ಪಣೆ ಮೇಲಿನಿಂದ ಕೆಳಗೆ ಹೋಗುವುದೂ, ಬಿಸಿ-ತಂಪು-ನೋವಿನ ಸುದ್ದಿ ಕೆಳಗಿನಿಂದ ಮೇಲೆ ಬರುವುದೂ ಇದರಲ್ಲೇ. ಮುರಿದ ಮೂಳೆ ಕೂಡಿಕೊಳ್ಳುತ್ತದೆ. ಜಜ್ಜಿಹೋದ ಹುರಿ ಹಾಗೆ ಕೂಡುವುದಿಲ್ಲ.

ಎತ್ತರದಿಂದ ಬಿದ್ದವರಿಗೆ ಹೆಚ್ಚಾಗಿ ಪೆಟ್ಟಾಗುವ ಜಾಗ ಎದೆಗೂಡು ಮುಗಿದು ಸೊಂಟ ಸುರುವಾಗುವಲ್ಲಿ. ಅಲ್ಲಿ ಆದರೆ ಕೈ ಉಳಿಯುತ್ತದೆ. ಕಾಲು, ಮಲ-ಮೂತ್ರದ ಹಿಡಿತ ಹೋಗುತ್ತದೆ. ಕುತ್ತಿಗೆಯಲ್ಲಾದರೆ ಕೈಗೂ ತೊಂದರೆ. ಕುತ್ತಿಗೆಯ ಮೇಲ್ಭಾಗಕ್ಕೇ ಆದರೆ ಉಸಿರಾಟದ ಸ್ನಾಯುವಿಗೆ ಹೋಗುವ ನರ ಸೋಲುತ್ತದೆ, ಉಸಿರೇ ನಿಲ್ಲಬಹುದು.

ಹೆಚ್ಚಿನವರಿಗೆ ತಿಳಿಯದ ಸಂಗತಿ ಇನ್ನೊಂದಿದೆ. ಹಾನಿ ಬಿದ್ದ ಕ್ಷಣಕ್ಕೇ ಮುಗಿಯುವುದಿಲ್ಲ. ಪೆಟ್ಟಾದ ಹುರಿ ಬಾತುಕೊಳ್ಳುತ್ತದೆ. ಸುತ್ತಲೂ ಗಟ್ಟಿ ಮೂಳೆ ಇರುವುದರಿಂದ ಬಾತುಕೊಳ್ಳಲು ಜಾಗವಿಲ್ಲ. ರಕ್ತದ ಓಡಾಟ ಕಡಿಮೆಯಾಗಿ ಆಮ್ಲಜನಕ ಸಿಗದೆ, ಪೆಟ್ಟೇ ಆಗದಿದ್ದ ಪಕ್ಕದ ನರಕೋಶಗಳೂ ಗಂಟೆ ಗಂಟೆಗೆ ಸಾಯುತ್ತಾ ಹೋಗುತ್ತವೆ. ಬಸಿಗಾಲುವೆ ಇಲ್ಲದ ತೋಟದಲ್ಲಿ ನೀರು ನಿಂತರೆ ಬೇರಿಗೆ ಉಸಿರು ಕಟ್ಟಿ, ಚೆನ್ನಾಗಿದ್ದ ಮರವೂ ಸೊರಗುವುದಿಲ್ಲವೇ? ಹಾಗೆಯೇ. ಮೊದಲ ಗಂಟೆಗಳಿಗೆ ಇಷ್ಟು ಬೆಲೆ ಇರುವುದು ಇದೇ ಕಾರಣಕ್ಕೆ. ಶಸ್ತ್ರಚಿಕಿತ್ಸೆ ಬೇಕಾದವರಿಗೆ ಅದು 24 ಗಂಟೆಯೊಳಗೆ ಆದರೆ ಒಳ್ಳೆಯದೆಂದು ಡಾಕ್ಟರರು ಹೇಳುವುದೂ ಇದಕ್ಕೇ.

ತೋಟದಲ್ಲೇ ಆಗುವ ಹಾನಿ

ಬಿದ್ದವರನ್ನು ಕಂಡ ಕೂಡಲೇ ನಾವು ಮಾಡುವ ಮೊದಲ ಕೆಲಸ ಎಬ್ಬಿಸಿ ಕೂರಿಸುವುದು. "ಏನಾಗ್ಲಿಲ್ಲ, ಏಳಿ ಏಳಿ" ಎಂದು ಕಂಕುಳಕ್ಕೆ ಕೈ ಕೊಟ್ಟು ಎತ್ತುತ್ತೇವೆ. ಒಬ್ಬ ತಲೆ ಕಡೆ, ಒಬ್ಬ ಕಾಲು ಕಡೆ ಹಿಡಿದು ಅಕ್ಕಿ ಮೂಟೆಯಂತೆ ಹೊರುತ್ತೇವೆ. ಜೀಪಿನ ಹಿಂದಿನ ಸೀಟಿನಲ್ಲಿ ಮಡಚಿ ಕೂರಿಸುತ್ತೇವೆ. ಮುರಿದ ಮೂಳೆಯ ಚೂರು ಹುರಿಯನ್ನು ಇನ್ನಷ್ಟು ಕೊಯ್ಯುವುದು ಇಲ್ಲಿಯೇ.

ಕ್ರಮ ಸುಲಭ. ಆಪತ್ತು ಇಲ್ಲದ ಜಾಗವಾದರೆ ಬಿದ್ದಲ್ಲೇ ಇರಲಿ, 108ಕ್ಕೆ ಫೋನ್ ಮಾಡಿ. ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರಬೇಕು. ಒಬ್ಬರು ತಲೆಯನ್ನು ಎರಡೂ ಬದಿಯಿಂದ ಅಲುಗದಂತೆ ಹಿಡಿದಿರಲಿ. ನೀರು, ಚಾ, ಸಾರಾಯಿ ಏನೂ ಬೇಡ. ಎಣ್ಣೆ ಹಾಕಿ ತಿಕ್ಕುವುದು, ಎಳೆದು ನೋಡುವುದು ಬೇಡವೇ ಬೇಡ. ಆಂಬುಲೆನ್ಸ್ ತೋಟದ ತನಕ ಬಾರದ ಜಾಗದಲ್ಲಿ ಅಗಲದ ಹಲಗೆಯೋ ಕಳಚಿದ ಬಾಗಿಲೋ ಸಾಕು. ನಾಲ್ಕೈದು ಜನ ಒಟ್ಟಿಗೆ, ಮರದ ದಿಮ್ಮಿ ಹೊರಳಿಸಿದಂತೆ ಇಡೀ ಮೈಯನ್ನು ಒಂದೇ ಸಲಕ್ಕೆ ಹೊರಳಿಸಿ ಹಲಗೆಯ ಮೇಲಿಡಬೇಕು.

ಒಂದು ವಿಷಯ ಮಾತ್ರ ಬೆನ್ನಿಗಿಂತಲೂ ಮೇಲೆ: ಉಸಿರು. ಆಮ್ಲಜನಕ ಸಿಗದಿದ್ದರೆ ನಾಲ್ಕೈದು ನಿಮಿಷದಲ್ಲಿ ಮೆದುಳಿಗೇ ಹಾನಿ ಸುರುವಾಗುತ್ತದೆ. ಬಾಯಲ್ಲಿ ಎಲೆಯಡಿಕೆ, ಮಣ್ಣು, ರಕ್ತ ಇದ್ದರೆ ತೆಗೆಯಿರಿ. ಉಸಿರು ಕಟ್ಟಿದಂತೆ ಕಂಡರೆ ತಲೆಯನ್ನು ಹಿಂದಕ್ಕೆ ಬಗ್ಗಿಸದೆ, ಎರಡೂ ಕೆನ್ನೆಯ ಕೆಳಗಿನ ದವಡೆ ಮೂಲೆಯನ್ನು ಮುಂದಕ್ಕೆ ಒತ್ತಿ ಹಿಡಿದರೆ ಗಾಳಿಗೆ ದಾರಿಯಾಗುತ್ತದೆ. ಇದನ್ನು ಒಮ್ಮೆ ಆರೋಗ್ಯ ಕೇಂದ್ರದವರಿಂದ ಕೈಯಾರೆ ಕಲಿಯುವುದು ಮೇಲು. ಭಜನಾ ಮಂದಿರದಲ್ಲೋ ಸೊಸೈಟಿಯ ಮಹಾಸಭೆಯಲ್ಲೋ ಅರ್ಧ ಗಂಟೆ ಸಾಕು.

ಹುಣ್ಣು ಮತ್ತು ಮೂತ್ರ

ಎರಡನೇ ಮಹಾಯುದ್ಧಕ್ಕೆ ಮೊದಲು ಬೆನ್ನುಹುರಿ ಹೋದವರು ಹೆಚ್ಚು ದಿನ ಉಳಿಯುತ್ತಿರಲಿಲ್ಲ. ಶ್ರೀಮಂತ ದೇಶಗಳಲ್ಲೂ ಹುಣ್ಣು ಮತ್ತು ಮೂತ್ರದ ಸೋಂಕು ಅವರನ್ನು ಕೊಂಡುಹೋಗುತ್ತಿತ್ತು. ಇದನ್ನು ಬದಲಿಸಿದವರು ಜರ್ಮನಿಯಿಂದ ಇಂಗ್ಲೆಂಡಿಗೆ ತಪ್ಪಿಸಿಕೊಂಡು ಬಂದಿದ್ದ ಡಾಕ್ಟರ್ ಲುಡ್ವಿಗ್ ಗುಟ್‌ಮನ್. 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಎಂಬಲ್ಲಿ ಗಾಯಗೊಂಡ ಸೈನಿಕರ ವಾರ್ಡನ್ನು ಅವರು ವಹಿಸಿಕೊಂಡರು. ಅವರು ಹೊಸ ಮದ್ದು ಕಂಡುಹಿಡಿದದ್ದಲ್ಲ. ರಾತ್ರಿ ಹಗಲೆನ್ನದೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರು, ಮೂತ್ರದ ಚೊಕ್ಕಟತನ ನೋಡಿಕೊಂಡರು, ಕೈ ಆಡುವವರಿಗೆ ಕೈಗೆ ಕೆಲಸ ಕೊಟ್ಟರು, ಆಟ ಆಡಿಸಿದರು. 1948ರಲ್ಲಿ ಗಾಲಿಕುರ್ಚಿಯಲ್ಲಿ ಕೂತ 16 ಮಂದಿ ಬಿಲ್ಲುಗಾರಿಕೆಯ ಸ್ಪರ್ಧೆಗೆ ಇಳಿದರು. ಇಂದಿನ ಪ್ಯಾರಾಲಿಂಪಿಕ್ಸ್‌ನ ಬೇರು ಅದು.

ಈ ಚಿಕಿತ್ಸೆಯಲ್ಲಿ ನಮ್ಮ ಮನೆಗಳಲ್ಲಿ ಮಾಡಲಾಗದ್ದು ಏನುಂಟು? ಮಲಗಿರುವಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಕೂತಿರುವಾಗ ಕಾಲು, ಅರ್ಧ ಗಂಟೆಗೊಮ್ಮೆ ಎರಡೂ ಕೈ ಊರಿ ಮೈಯನ್ನು ಮೇಲೆತ್ತಿ ಒತ್ತಡ ತಪ್ಪಿಸುವುದು. ದಿನಕ್ಕೊಮ್ಮೆ ಬೆನ್ನು, ಸೊಂಟದ ಹಿಂಬದಿ, ಹಿಮ್ಮಡಿ ಕನ್ನಡಿ ಹಿಡಿದು ನೋಡುವುದು. ಕೆಂಪಾದ ಜಾಗಕ್ಕೆ ಮತ್ತೆ ಒತ್ತಡ ಬೀಳದಂತೆ ನೋಡಿಕೊಳ್ಳುವುದು. ಕಾಲಿಗೆ ಬಿಸಿ ಗೊತ್ತಾಗುವುದಿಲ್ಲ, ಆದ್ದರಿಂದ ಒಲೆಯ ಬದಿ, ಬಿಸಿನೀರಿನ ಚೀಲ ದೂರ. ಮೂತ್ರಕ್ಕೆ ಸದಾ ಪೈಪ್ ಹಾಕಿಯೇ ಇಡಬೇಕೆಂದಿಲ್ಲ. ಶುದ್ಧವಾದ ಪೈಪನ್ನು ದಿನಕ್ಕೆ ನಾಲ್ಕರಿಂದ ಆರು ಸಲ ತಾವೇ ಹಾಕಿ ತೆಗೆಯುವ ವಿಧಾನ 1970ರ ದಶಕದಿಂದಲೇ ಬಳಕೆಯಲ್ಲಿದೆ. ಯಾರಿಗೆ ಯಾವುದು ಸರಿಯೆಂದು ಡಾಕ್ಟರರನ್ನು ಕೇಳಿ, ಆಸ್ಪತ್ರೆಯಿಂದ ಹೊರಡುವ ಮೊದಲೇ ಕಲಿತು ಬರಬೇಕು. ಬಿಡುಗಡೆಯ ದಿನ ಬಿಲ್ಲು ಕಟ್ಟುವ ಗಡಿಬಿಡಿಯಲ್ಲಿ ಇದೇ ಬಿಟ್ಟುಹೋಗುವುದು.

ಇದನ್ನೆಲ್ಲ ಇಲ್ಲಿ ಹೇಳಲು ಕಾರಣ ಇದೆ. ಮೈಯಲ್ಲಿ ಹುಣ್ಣು, ಹಾಸಿಗೆಯಲ್ಲಿ ವಾಸನೆ ಇದ್ದರೆ ಮನಸ್ಸು ಎದ್ದು ನಿಲ್ಲುವುದು ಹೇಗೆ? ನಲುವತ್ತು ವರ್ಷ ಊರಿನ ಅತಿ ಎತ್ತರದ ಮರಗಳನ್ನು ಹತ್ತಿ ಇಳಿದ ಮನುಷ್ಯನಿಗೆ, ತನ್ನ ಬಟ್ಟೆಯನ್ನು ಮಗಳು ಬದಲಿಸಬೇಕಾದಾಗ ಆಗುವ ಸಂಕಟ ಬೆನ್ನಿನ ನೋವಿಗಿಂತ ದೊಡ್ಡದು.

'ಹೋಗಿದ್ದರೇ ಒಳ್ಳೆದಿತ್ತು'

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ನೋಡಲು ಬಂದವರು ಜಗಲಿಯಲ್ಲಿ ಕೂತು, ಚಾ ಕುಡಿದು, ತಗ್ಗಿದ ಸ್ವರದಲ್ಲಿ ಒಂದು ಮಾತು ಹೇಳುತ್ತಾರೆ: "ಇದಕ್ಕಿಂತ ಆಗಲೇ ಹೋಗಿದ್ದರೇ ಒಳ್ಳೆದಿತ್ತು, ಪಾಪ." ಹೇಳುವವರಿಗೆ ಅದು ಕರುಣೆ. ಆದರೆ ಮಲಗಿದವರಿಗೆ ಹೋದದ್ದು ಕಾಲು ಮಾತ್ರ, ಕಿವಿ ಅಲ್ಲ. ನಮ್ಮ ಮನೆಗಳ ಗೋಡೆ ಎಷ್ಟು ದಪ್ಪ?

ಪಕ್ಕದ ಗ್ರಾಮದ ಗೆಳೆಯರು ಒಮ್ಮೆ ನನ್ನಲ್ಲಿ ಹೇಳಿದರು: "ಅಣ್ಣ, ಬಿದ್ದ ದಿನ ನನಗೆ ಸಾಯ್ಬೇಕೂಂತ ಅನಿಸ್ಲಿಲ್ಲ. ನೋಡ್ಲಿಕ್ಕೆ ಬಂದವರ ಮುಖ ನೋಡಿ ನೋಡಿ ಅನಿಸ್ಲಿಕ್ಕೆ ಸುರು ಆದದ್ದು."

ಆ ಮಾತು ಬರಿಯ ಒರಟು ಮಾತಲ್ಲ, ತಪ್ಪು ಮಾತು. 1994ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ತುರ್ತು ಚಿಕಿತ್ಸಾ ವಿಭಾಗಗಳ ಡಾಕ್ಟರು, ನರ್ಸು ಮುಂತಾದವರಿಗೆ ಕೇಳಿದ ಪ್ರಶ್ನೆ ಇದು: ನಿಮಗೇ ತೀವ್ರವಾಗಿ ಬೆನ್ನುಹುರಿ ಪೆಟ್ಟಾದರೆ, ಬದುಕಿ ಉಳಿದದ್ದಕ್ಕೆ ಸಂತೋಷಪಡುತ್ತೀರಾ? ಹೌದೆಂದವರು 100ರಲ್ಲಿ 18 ಮಂದಿ ಮಾತ್ರ. ನಿಜವಾಗಿ ಹಾಗೆ ಪೆಟ್ಟಾಗಿ ಬದುಕುತ್ತಿರುವವರನ್ನು ಕೇಳಿದರೆ, ಬದುಕಿದ್ದಕ್ಕೆ ಸಂತೋಷ ಎಂದವರು 100ರಲ್ಲಿ 92! ಬೆನ್ನು ಮುರಿದವರನ್ನು ದಿನಾ ಕಾಣುವ ಡಾಕ್ಟರರ ಊಹೆಯೇ ಇಷ್ಟು ತಪ್ಪಾದರೆ, ಜಗಲಿಯಲ್ಲಿ ಕೂತ ನಮ್ಮ ಊಹೆಯ ಕಥೆ ಏನು?

"ಅದು ಅಮೆರಿಕ ಮಾರಾಯ್ರೆ, ಅಲ್ಲಿಯ ಹಾಗೆ ಇಲ್ಲಿ ಆಗ್ತದಾ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅಲ್ಲಿ ಗಾಲಿಕುರ್ಚಿ ಹೋಗುವ ರಸ್ತೆ, ಬಾಗಿಲು, ಪಾಯಿಖಾನೆ ಉಂಟು; ನಮ್ಮಲ್ಲಿ ಅಂಗಳಕ್ಕೆ ಇಳಿಯಲು ಆರು ಮೆಟ್ಟಿಲು. ಆದರೆ ಗಮನಿಸಿ, ವ್ಯತ್ಯಾಸ ಇರುವುದು ಬೆನ್ನಿನಲ್ಲಲ್ಲ, ಮೆಟ್ಟಿಲಿನಲ್ಲಿ. ಬೆನ್ನನ್ನು ಸರಿ ಮಾಡಲು ನಮ್ಮಿಂದಾಗದು. ಮೆಟ್ಟಿಲ ಬದಿಗೆ ನಾಲ್ಕು ಚೀಲ ಸಿಮೆಂಟು ಸುರಿದು ಇಳಿಜಾರು ಮಾಡಲು ನಮ್ಮಿಂದಾಗುತ್ತದೆ.

ನಮ್ಮ ದೇಶದ ಉದಾಹರಣೆಗಳೂ ಇವೆ. ವೆಲ್ಲೂರಿನ ಆಸ್ಪತ್ರೆಯಲ್ಲಿದ್ದ ಡಾಕ್ಟರ್ ಮೇರಿ ವರ್ಗೀಸ್ 1954ರ ವಾಹನ ಅಪಘಾತದಲ್ಲಿ ಕಾಲಿನ ಸ್ವಾಧೀನ ಕಳೆದುಕೊಂಡರು. ಬಳಿಕ ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ವೆಲ್ಲೂರಿನಲ್ಲಿ ತೆರೆದ ಪುನರ್ವಸತಿ ಕೇಂದ್ರ ಅವರ ಶ್ರಮದ ಫಲ. ತಮಿಳುನಾಡಿನ ಆಯಿಕುಡಿ ಎಂಬ ಹಳ್ಳಿಯ ರಾಮಕೃಷ್ಣನ್ ಎಂಜಿನಿಯರಿಂಗ್ ಓದುತ್ತಿದ್ದಾಗ ನೌಕಾಪಡೆಯ ಆಯ್ಕೆ ಪರೀಕ್ಷೆಯಲ್ಲಿ ಬಿದ್ದರು. ಕುತ್ತಿಗೆಯ ಕೆಳಗೆ ಸ್ವಾಧೀನ ಹೋಯಿತು. 1981ರಲ್ಲಿ ತನ್ನ ಊರಲ್ಲೇ ಅಮರ್ ಸೇವಾ ಸಂಗಮ್ ಸುರು ಮಾಡಿದರು. ಸಾವಿರಾರು ಅಂಗವಿಕಲ ಮಕ್ಕಳಿಗೆ ಅದು ಆಸರೆಯಾಯಿತು. 2020ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಎಲ್ಲರೂ ಹೀಗಾಗಬೇಕೆಂದು ನಾನು ಹೇಳುವುದಿಲ್ಲ. 'ಹೋಗಿದ್ದರೇ ಒಳ್ಳೆದಿತ್ತು' ಎಂಬ ಮಾತನ್ನು ಇವರ ಎದುರು ಇಟ್ಟು ನೋಡಿ, ಅಷ್ಟೆ.

ಮನಸ್ಸಿನ ಕಾಯಿಲೆಯೂ ಕಾಯಿಲೆಯೇ

ಹಾಗೆಂದು "ಧೈರ್ಯ ತಕೊಳ್ಳಿ" ಎಂದರೆ ಮುಗಿಯಿತೇ? ಇಲ್ಲ. ಬೆನ್ನುಹುರಿ ಪೆಟ್ಟಾದವರಲ್ಲಿ 100ಕ್ಕೆ 20ರಿಂದ 30 ಮಂದಿಗೆ ಚಿಕಿತ್ಸೆ ಬೇಕಾಗುವಷ್ಟು ಖಿನ್ನತೆಯ ಲಕ್ಷಣಗಳಿರುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ 2013ರ ವರದಿಯಲ್ಲಿ ಹೇಳಿದೆ. ಈ ಲೆಕ್ಕವನ್ನು ಎರಡು ಕಡೆಯಿಂದ ಓದಬೇಕು. 70ರಿಂದ 80 ಮಂದಿ ಹೇಗೋ ಸಂಭಾಳಿಸಿಕೊಳ್ಳುತ್ತಾರೆ. ಎಲ್ಲರ ಬಾಳೂ ಕತ್ತಲೆ ಅಲ್ಲ. ಉಳಿದವರಿಗೆ ಬಂದದ್ದು ಮಾತ್ರ ಹೇಡಿತನವಲ್ಲ, ಕಾಯಿಲೆ. ಹುಣ್ಣಿಗೆ ಮದ್ದು ಹಚ್ಚಿದಂತೆ ಅದಕ್ಕೂ ಮದ್ದು, ಮಾತಿನ ಚಿಕಿತ್ಸೆ ಎರಡೂ ಇವೆ.

ಗುರುತು ಹಿಡಿಯುವುದು ಹೇಗೆ? ಊಟ ಸೇರುವುದಿಲ್ಲ, ಬೆಳಗಿನ ಜಾವಕ್ಕೇ ಎಚ್ಚರ. ಮಗ್ಗುಲು ಬದಲಿಸಲು ಬಂದರೆ "ಬೇಡ, ಬಿಡಿ." ಸಣ್ಣ ಸಣ್ಣದಕ್ಕೆ ಹೆಂಡತಿಯ ಮೇಲೆ ಸಿಟ್ಟು. "ನಿಮಗೆಲ್ಲ ನಾನೊಂದು ಭಾರ" ಎಂಬ ಮಾತು. ಇವು ವಾರಗಟ್ಟಲೆ ನಡೆದರೆ ಡಾಕ್ಟರರಿಗೆ ಹೇಳಲೇಬೇಕು. "ಸಾಯುವ ಯೋಚನೆ ಬರ್ತದಾ?" ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುವುದಿಲ್ಲ. ಕೇಳಿದರೆ ಮನಸ್ಸು ಹಗುರಾಗುತ್ತದೆ. ಸರಕಾರದ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ 2022ರಲ್ಲಿ ಸುರುವಾಗಿದೆ. 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಮನೆಯವರೂ ಮಾಡಬಹುದು. ಇನ್ನೊಂದು ಮಾತು ಕೃಷಿಕರ ಮನೆಗೆ ಮಾತ್ರ ಹೇಳಬೇಕಾದ್ದು: ತೋಟದ ವಿಷದ ಬಾಟ್ಲಿಗಳು ಜಗಲಿಯ ಮೂಲೆಯಲ್ಲಿರುವುದು ಬೇಡ. ಬೀಗ ಹಾಕಿ, ಕೀಲಿಕೈ ಬೇರೆಯವರಲ್ಲಿರಲಿ.

ನೋವಿನ ಬಗ್ಗೆಯೂ ಒಂದು ಮಾತು. ಮುಟ್ಟಿದರೆ ಗೊತ್ತಾಗದ ಕಾಲಿನಲ್ಲಿ ಉರಿ, ಸೆಳೆತ ಇದೆ ಎಂದು ಅವರು ಹೇಳಿದರೆ "ನಾಟಕ" ಎನ್ನಬೇಡಿ. ಪೆಟ್ಟಾದ ನರವೇ ಮೆದುಳಿಗೆ ಕಳುಹಿಸುವ ತಪ್ಪು ಸುದ್ದಿ ಅದು, ನೋವು ನಿಜವೇ. ಅದಕ್ಕೆ ಬೇರೆ ಮದ್ದುಗಳಿವೆ.

ಆಸೆ ಮಾರುವವರ ಬಗ್ಗೆ ಎಚ್ಚರ ಬೇಕು. ಬಿದ್ದ ಮೊದಲ ದಿನಗಳಲ್ಲಿ ಹುರಿ ಆಘಾತದಿಂದ ಪೂರ್ತಿ ಮಂಕಾಗಿರುತ್ತದೆ, ಎಷ್ಟು ಮರಳಿ ಬರುತ್ತದೆಂದು ಆಗಲೇ ಹೇಳಲಾಗದು. ಹುರಿ ಪೂರ್ತಿ ಹೋಗದವರಿಗೆ ಮೊದಲ ಆರು ತಿಂಗಳು, ಒಂದು ವರ್ಷದಲ್ಲಿ ಒಳ್ಳೆಯ ಸುಧಾರಣೆ ಆಗುವುದುಂಟು. ಈ ಸಮಯದಲ್ಲೇ "ನಡೆಸಿ ಕೊಡ್ತೇವೆ" ಎನ್ನುವವರು ಬರುವುದು. ಎಣ್ಣೆ, ಕಷಾಯ, ಈಗ ಕಾಂಡಕೋಶ ಚಿಕಿತ್ಸೆ. 2017ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ರಕ್ತಕ್ಕೆ ಸಂಬಂಧಿಸಿದ ಕೆಲವು ಕಾಯಿಲೆಗಳಲ್ಲಿ ಬಿಟ್ಟು ಉಳಿದಂತೆ ಕಾಂಡಕೋಶ ಚಿಕಿತ್ಸೆಯನ್ನು ಸಂಶೋಧನೆಯಾಗಿ ಮಾತ್ರ ಮಾಡಬಹುದು, ಅದಕ್ಕೆ ರೋಗಿಯಿಂದ ಹಣ ತೆಗೆದುಕೊಳ್ಳುವಂತಿಲ್ಲ. ಎಪ್ಪತ್ತು ಸೆಂಟ್ಸ್ ಜಾಗ ಮಾರಿ ಇಂತಹ ಭರವಸೆ ಕೊಂಡ ಮನೆಯನ್ನು ನಾನು ಕಂಡಿದ್ದೇನೆ. ಕಾಲೂ ಬರಲಿಲ್ಲ, ಜಾಗವೂ ಹೋಯಿತು. ಮನಸ್ಸು ಎರಡನೇ ಸಲ ಮರದಿಂದ ಬಿತ್ತು.

ಆರೈಕೆ ಮಾಡುವವರನ್ನು ಯಾರು ಕೇಳುವುದು?

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ಬರೆಯುವುದು ಸುಲಭ. ರಾತ್ರಿ ಹತ್ತಕ್ಕೆ, ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಏಳುವುದು ಯಾರು? ಹೆಚ್ಚಾಗಿ ಹೆಂಡತಿ, ಇಲ್ಲದಿದ್ದರೆ ತಾಯಿ. ಬೆಳಿಗ್ಗೆ ಅವರು ಬೀಡಿ ಕಟ್ಟಬೇಕು, ದನಕ್ಕೆ ಹುಲ್ಲು ತರಬೇಕು, ಕೂಲಿಗೆ ಹೋಗಬೇಕು. ನಮ್ಮ ಮಾತೆಲ್ಲ ಬಿದ್ದವರ ಬಗ್ಗೆ. ಆ ಅಕ್ಕ ನಿದ್ದೆ ಮಾಡಿ ಎಷ್ಟು ತಿಂಗಳಾಯಿತೆಂದು ಯಾರೂ ಕೇಳುವುದಿಲ್ಲ. ವಾರಕ್ಕೊಂದು ರಾತ್ರಿ ನೆರೆಮನೆಯ ಇಬ್ಬರು ಗಂಡಸರು ಹೋಗಿ ಮಲಗಿದರೆ ಅವರಿಗೊಂದು ನಿದ್ದೆ ಸಿಗುತ್ತದೆ. ಹಣದ ಸಹಾಯಕ್ಕಿಂತ ಇದು ಸಣ್ಣದಲ್ಲ. ಗಂಡ-ಹೆಂಡಿರ ನಡುವಿನ ಸಂಬಂಧದ ಬಗ್ಗೆಯೂ ಇಬ್ಬರ ಮನಸ್ಸಿನಲ್ಲಿ ಬಾಯಿಬಿಡಲಾಗದ ಪ್ರಶ್ನೆಗಳಿರುತ್ತವೆ. ಡಾಕ್ಟರರಲ್ಲಿ ನಾಚಿಕೆ ಬಿಟ್ಟು ಕೇಳಬಹುದಾದ ವಿಷಯ ಅದು, ಅದಕ್ಕೂ ದಾರಿಗಳಿವೆ.

ಕೈಗೆ ಕೆಲಸ

ನಾನು ಕಂಡ ನಾಲ್ವರಲ್ಲಿ ದುಡಿಯುತ್ತಿದ್ದಾರೆ ಎಂದೆನಲ್ಲ, ಅವರು ಈಗ ಕರಿಮೆಣಸಿನ ಕಸಿ ಕಟ್ಟುತ್ತಾರೆ. ಮನೆಯ ಬದಿಯಲ್ಲಿ ಸೊಂಟದೆತ್ತರದ ಹಲಗೆ, ಅದರ ಮೇಲೆ ತೊಟ್ಟೆಗಳು, ಕೆಳಗೆ ಗಾಲಿಕುರ್ಚಿ ನುಗ್ಗುವಷ್ಟು ಜಾಗ. ಮರ ಹತ್ತುವವರ ಕೈಗೆ ಕತ್ತಿಯ ಹಿಡಿತ ಮೊದಲೇ ಇರುತ್ತದೆ. ಮೊದಲ ವರ್ಷ ಅರ್ಧಕ್ಕರ್ಧ ಸತ್ತವು, ಈಗ ಹೆಚ್ಚಿನವು ಬದುಕುತ್ತವೆ. ನಮ್ಮ ಕೃಷಿಯಲ್ಲಿ ಕೂತು ಮಾಡುವ ಕೆಲಸ ಕಡಿಮೆ ಇಲ್ಲ. ಅಡಿಕೆ ಸುಲಿಯುವುದು, ವಿಂಗಡಿಸುವುದು, ಕಸಿ ಕಟ್ಟುವುದು, ತೊಟ್ಟೆಗೆ ಮಣ್ಣು ತುಂಬಿಸುವುದು, ಹಾಲಿನ ಸೊಸೈಟಿಯ ಲೆಕ್ಕ ಬರೆಯುವುದು. ಕೂತಲ್ಲೇ ಮೈಮರೆಯಬಾರದು, ಆಗಾಗ ಮೈ ಎತ್ತಬೇಕು ಎಂಬ ನೆನಪಿದ್ದರೆ ಸಾಕು.

ಕೆಲಸ ಕೊಡಲಾಗದಿದ್ದರೆ ಸಲಹೆ ಕೇಳಿ. ಊರಿನ ಯಾವ ತೋಟದಲ್ಲಿ ಯಾವ ಮರ ಟೊಳ್ಳಾಗಿದೆ, ಯಾವ ಸಾಲಿಗೆ ಮೊದಲು ಕೊಳೆರೋಗ ಬರುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ತೋಟದ ಯಜಮಾನನಿಗೆ ಗೊತ್ತಿರುವುದಿಲ್ಲ. ನಾನು ಮಳೆಗಾಲಕ್ಕೆ ಮೊದಲು ಹೋಗಿ ಕೇಳುತ್ತೇನೆ. ಅದು ಕರುಣೆಯಿಂದ ಅಲ್ಲ, ನನಗೆ ಬೇಕಾಗಿಯೇ. "ಆಚೆ ತೋಡಿನ ಬದಿ ಮರಗಳಿಗೆ ಈ ಸಲ ಮೊದಲು ಬಿಡ್ಸಿ" ಎಂದು ಹೇಳುವಾಗ ಅವರ ಸ್ವರವೇ ಬೇರೆ.

ಹೊಸದಾಗಿ ಬಿದ್ದವರಿಗೆ ನಮ್ಮ ಮಾತಿಗಿಂತ ಅದೇ ದಾರಿಯಲ್ಲಿ ನಡೆದವರ ಮಾತು ತಾಗುತ್ತದೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಸೌತಡ್ಕದಲ್ಲಿ ಬೆನ್ನುಹುರಿ ಪೆಟ್ಟಾದವರಿಗಾಗಿಯೇ 'ಸೇವಾಧಾಮ' ಎಂಬ ಪುನಶ್ಚೇತನ ಕೇಂದ್ರವಿದೆ. ಬೆಂಗಳೂರಿನಲ್ಲಿ 1959ರಿಂದ ಇರುವ ಅಂಗವಿಕಲರ ಸಂಸ್ಥೆ ಎಪಿಡಿ ಈ ಕೆಲಸ ಮಾಡುತ್ತದೆ. ಇಂತಹ ಕಡೆ ಕೆಲವು ವಾರ ಇದ್ದು ಗಾಲಿಕುರ್ಚಿ ಹತ್ತಿ ಇಳಿಯುವುದರಿಂದ ಹಿಡಿದು ಎಲ್ಲವನ್ನೂ ಕಲಿತರೆ ಮುಂದಿನ ವರ್ಷಗಳು ಹಗುರ.

ನಮ್ಮ ಪಾಲು

ಮರ ನಮ್ಮದು, ಫಸಲು ನಮ್ಮದು, ಬಿದ್ದದ್ದು ಮಾತ್ರ ಅವರ ಹಣೆಬರಹ ಎಂದರೆ ಆಗುವುದಿಲ್ಲ. ನಾನು ಹೇಳುವುದು ನಾಲ್ಕು.

ಒಂದು, ಮರ ಹತ್ತಲು ಬರುವವರಿಗೆ ವಿಮೆ ಉಂಟೋ ಎಂದು ಕೇಳಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ 2015ರಲ್ಲಿ ಬಂತು. 2022ರಿಂದ ಅದರ ಕಂತು ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರು ಬ್ಯಾಂಕ್ ಖಾತೆಯ ಮೂಲಕ ಸೇರಬಹುದು. ಅಪಘಾತದಲ್ಲಿ ಸತ್ತರೆ ಮಾತ್ರವಲ್ಲ, ಎರಡೂ ಕಾಲಿನ ಉಪಯೋಗ ಶಾಶ್ವತವಾಗಿ ಹೋದರೂ 2 ಲಕ್ಷ ರೂಪಾಯಿ. ಮರದಿಂದ ಬಿದ್ದ ಪ್ರಕರಣಕ್ಕೆ ಆಸ್ಪತ್ರೆಯ ಕೂಡಲೇ ಮಾಡಿದ ದಾಖಲೆ ಆಧಾರ. ಆದ್ದರಿಂದ ದಾಖಲು ಮಾಡುವಾಗಲೇ ಚೀಟಿಯಲ್ಲಿ 'ಮರದಿಂದ ಬಿದ್ದು' ಎಂದು ಬರೆಸಬೇಕು. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಬೇರೆ ಇದೆ, ಕಂತಿನ ಹೆಚ್ಚಿನ ಪಾಲನ್ನು ಮಂಡಳಿಯೇ ಕಟ್ಟುತ್ತದೆ. 2 ಲಕ್ಷ ಒಂದು ಜೀವಮಾನಕ್ಕೆ ಸಾಲದು ನಿಜ. ಆದರೆ ಇಳಿಜಾರು, ಪಾಯಿಖಾನೆ, ಗಾಲಿಕುರ್ಚಿ, ಒಳ್ಳೆಯ ಹಾಸಿಗೆಗೆ ಸಾಕು.

ಎರಡು, ಅಂಗವಿಕಲತೆಯ ಗುರುತಿನ ಚೀಟಿ ಮಾಡಿಸಿಕೊಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸವಲತ್ತು, ಮಾಸಾಶನಕ್ಕೆಲ್ಲ ಅದೇ ಬಾಗಿಲು. ಮಲಗಿದವರು ಕಚೇರಿ ಅಲೆಯಲಾರರು, ಓಡಾಡುವ ಕಾಲು ನಮ್ಮದಾಗಲಿ.

ಮೂರು, ಪಾಚಿಗಟ್ಟಿ ಜಾರುವ ಮರಕ್ಕೆ "ಇನ್ನು ಹತ್ತೇ ಮರ, ಮಳೆ ಬರುವ ಮೊದಲು ಮುಗಿಸಿ" ಎಂದು ಯಾರನ್ನೂ ಹತ್ತಿಸಬೇಡಿ. ಕೊಳೆರೋಗಕ್ಕೆ ಹೋದ ಗೊನೆ ಮುಂದಿನ ವರ್ಷ ಬರುತ್ತದೆ. ನೆಲದಲ್ಲಿ ನಿಂತೇ ಗೊನೆ ತೆಗೆಯುವ, ಮದ್ದು ಬಿಡುವ ಕಾರ್ಬನ್ ಫೈಬರ್ ದೋಟಿ ಈಗ ಬಂದಿದೆ. ಒಬ್ಬರಿಗೆ ದುಬಾರಿಯಾದರೆ ನಾಲ್ಕು ಮನೆಯವರು ಸೇರಿ ಕೊಳ್ಳಬಹುದು.

ನಾಲ್ಕು, ಆರು ತಿಂಗಳಾದ ಮೇಲೆ ಹೋಗಿ. ಮೊದಲ ವಾರಕ್ಕಿಂತ ಆಗ ಹೋಗುವುದು ಮುಖ್ಯ. ಏನು ಮಾತಾಡುವುದೆಂಬ ಚಿಂತೆ ಬೇಡ. ಅಡಿಕೆ ಧಾರಣೆ ಮಾತಾಡಿ, ಮಂಗನ ಕಾಟ ಮಾತಾಡಿ, ಊರಿನ ಜಗಳ ಮಾತಾಡಿ. ಬೆನ್ನು ಮುರಿದ ಮೇಲೂ ಮನುಷ್ಯ ಕೃಷಿಕನೇ.

ನಮ್ಮ ಸೊಸೈಟಿಗಳು ತಮ್ಮ ವ್ಯಾಪ್ತಿಯಲ್ಲಿ ಮರ ಹತ್ತುವವರ ಪಟ್ಟಿ ಮಾಡಿ, ಅಡಿಕೆ ಮಾರುವ ಸದಸ್ಯರಿಂದ ಅಲ್ಪ ಮೊತ್ತ ಹಿಡಿದು ಅವರೆಲ್ಲರ ವಿಮಾಕಂತು ಕಟ್ಟುವುದು ಕಷ್ಟದ ಕೆಲಸವೇನೂ ಅಲ್ಲ. ಬರುವ ಮಹಾಸಭೆಯಲ್ಲಿ ನಮ್ಮಲ್ಲಿ ಈ ವಿಷಯ ಎತ್ತುತ್ತೇನೆ. ನೀವೂ ಎತ್ತಿ. ಮನೆಯಲ್ಲಿ ಇಂತಹವರನ್ನು ನೋಡಿಕೊಳ್ಳುತ್ತಿರುವ ಓದುಗರು ಹಾಸಿಗೆ, ಪಾಯಿಖಾನೆ, ಗಾಲಿಕುರ್ಚಿಗೆ ನೀವೇ ಮಾಡಿಕೊಂಡ ಉಪಾಯಗಳನ್ನು ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಒಬ್ಬರ ಉಪಾಯ ಇನ್ನೊಬ್ಬರ ಒಂದು ಹುಣ್ಣು ತಪ್ಪಿಸಿದರೂ ಬರೆದದ್ದು ಸಾರ್ಥಕ. ಏನಂತೀರಿ?